ಐರಿನ್ ಅಕ್ಕನ ಹಾಡಿಗೆ ಮುಂಚೆ ಎರಡೇ ನಿಮಿಷ

ಒಬ್ಬ ಗಾಯಕನನ್ನು ಹಾಡದಂತೆ ತಡೆಯುವ ಅತ್ಯಂತ ಗೌರವಯುತವಾದ ಉಪಾಯ ಯಾವುದು, ಬಲ್ಲಿರಾ?

ಮೈಕ್ ಕಸಿದುಕೊಳ್ಳುವುದಲ್ಲ; ಅದು ಒರಟುತನ. ಕೂಗಿ ಕೆಳಗಿಳಿಸುವುದಲ್ಲ, ನಾವು ಸುಸಂಸ್ಕೃತರು. ಕರೆಂಟ್ ತೆಗೆಯುವುದೂ ಅಲ್ಲ. ಅಬುಧಾಬಿಯಲ್ಲಿ ಆ ಸೌಲಭ್ಯವಿಲ್ಲ. ಉಳಿದಿರುವ ಉಪಾಯ ಒಂದೇ: ಸನ್ಮಾನ. ಗಾಯಕನೊಬ್ಬನಿಗೆ ಮಾಡಿದ್ದು ಸಾಲದಿದ್ದರೆ ಅವನ ಮನೆಯವರಿಗೂ ಮಾಡುವುದು.

ಇದು ನನ್ನ ಊಹೆಯಲ್ಲ. ಕಳೆದ ಶುಕ್ರವಾರ ಸಂಜೆ ಹರಿವಾಣ ಹಿಡಿದು ಪಕ್ಕದಲ್ಲೇ ನಿಂತು ಕಂಡ ಸತ್ಯ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಈ ಬಾರಿ ಡೆನ್ಜಿಲ್ ಬಂದಿದ್ದ. ಮಂಗಳೂರಿನವನು, ಮೂವತ್ತು ದಾಟಿದ ಹುಡುಗ. ಕೈಯಲ್ಲಿ ಗಿಟಾರ್, ಕೊರಳಿಗೆ ತಂತಿಯಲ್ಲಿ ಸಿಕ್ಕಿಸಿಕೊಂಡ ಮೌತ್ ಆರ್ಗನ್. ಬರೆಯುವವನೂ ಅವನೇ, ರಾಗ ಕಟ್ಟುವವನೂ ಅವನೇ, ಹಾಡುವವನೂ ಅವನೇ. ಅಮೆರಿಕದ ರೈತರು, ಲಾರಿ ಚಾಲಕರು ಹಾಡಿಕೊಳ್ಳುವ ಕಂಟ್ರಿ ಸಂಗೀತದ ಧಾಟಿ ಹಿಡಿದು, ಅದರೊಳಗೆ ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆಯನ್ನೂ ಮೀನಿನ ಬಂದರನ್ನೂ ಕೂರಿಸುತ್ತಾನೆ. ಕೊಂಕಣಿ, ತುಳು, ಕನ್ನಡ ಮೂರರಲ್ಲೂ ಹಾಡುತ್ತಾನೆ. ಹಿಂದೆ ಕುಣಿಯುವವರಿಲ್ಲ, ಹೊಗೆಯಿಲ್ಲ, ತಿರುಗುವ ದೀಪಗಳಿಲ್ಲ. ಒಬ್ಬ ಮನುಷ್ಯ, ಒಂದು ಕಥೆ.

ಅವನನ್ನು ಕರೆಸಬೇಕೆಂದು ಹಟ ಹಿಡಿದವಳು ನಾನೇ. ಫೋನ್ ಮಾಡಿದಾಗ ಅವನು ಸಂಭಾವನೆಯ ಮಾತೇ ಎತ್ತಲಿಲ್ಲ. ಎತ್ತಿದ್ದು ಅಕ್ಕನ ಮಾತು.

"ಮೇಡಂ, ನಮ್ಮ ಅಕ್ಕ ಅಲ್ಲೇ ಮದೀನತ್ ಜಾಯೆದಲ್ಲಿ ನರ್ಸ್. ನನ್ನನ್ನು ಸಾಕಿದ್ದೇ ಅವಳು. ನಾನು ಸ್ಟೇಜಲ್ಲಿ ಹಾಡೂದನ್ನು ಒಂದು ಸಲವೂ ನೋಡ್ಲಿಲ್ಲ. ಅವಳು ರಜೆಯಲ್ಲಿ ಊರಿಗೆ ಬರುವಾಗ ನಾನು ಎಲ್ಲಿಯೋ ಪ್ರೋಗ್ರಾಮಲ್ಲಿ ಇರ್ತೇನೆ. ಅವಳ ಮೇಲೆ ಒಂದು ಹಾಡು ಮಾಡಿದ್ದೇನೆ. ಈವರೆಗೆ ಎಲ್ಲಿಯೂ ಹಾಡ್ಲಿಲ್ಲ. ಮೊದಲು ಅವಳೇ ಕೇಳ್ಬೇಕು."

"ಫೋನಿನಲ್ಲಿ ಹಾಡಿ ಕೇಳಿಸಬಹುದಿತ್ತಲ್ಲ?" ಎಂದೆ. (ಚರ್ಚಾಸ್ಪರ್ಧೆಯ ಅಭ್ಯಾಸ. ಎದುರಿನವರ ವಾದದಲ್ಲಿ ಸಂದು ಕಂಡರೆ ಕೈ ಹಾಕದೆ ಇರಲಾಗದು.)

"ಫೋನಲ್ಲಿ ಆಗೂದಿಲ್ಲ ಮೇಡಂ. ಒಂದು ಲೈನ್ ಮುಗಿಯುವ ಮೊದಲು 'ಊಟ ಆಯ್ತಾ' ಅಂತ ಕೇಳ್ತಾಳೆ. ಮತ್ತೆ... ಕೆಲಸ ಬಿಟ್ಟು ಗಿಟಾರ್ ಹಿಡಿದದ್ದಕ್ಕೆ ಅವಳಿಗೆ ಈಗಲೂ ಬೇಜಾರುಂಟು. 'ಇದೆಲ್ಲ ಯಾರು ಕೇಳ್ತಾರೆ ನಿಂದು' ಅಂತ ಹೇಳ್ತಾಳೆ. ಒಂದು ಹಾಲ್ ತುಂಬ ಜನ ಸುಮ್ಮನೆ ಕೂತು ಕೇಳೂದನ್ನು ಅವಳು ನೋಡ್ಬೇಕು. ಅಷ್ಟೇ."

ಅಷ್ಟೇ! ಒಬ್ಬ ಕಲಾವಿದ ತನ್ನ ಜನರಲ್ಲಿ ಕೇಳಿದ್ದು ಇಷ್ಟೇ. ಜನ ಸುಮ್ಮನೆ ಕುಳಿತು ಕೇಳಬೇಕು. ಅದನ್ನು ಅವನ ಅಕ್ಕ ನೋಡಬೇಕು. ಇದಕ್ಕಿಂತ ಸುಲಭವಾದ ಬೇಡಿಕೆ ಉಂಟೇ?

ನಾನು ಮಾತು ಕೊಟ್ಟೆ.

ಈಗ ನಮ್ಮ ಸಂಘಗಳ ಸನ್ಮಾನ ಪದ್ಧತಿಯ ಕುರಿತು, ಊರಿನಲ್ಲಿ ಕುಳಿತು ಈ ಅಂಕಣ ಓದುವವರಿಗಾಗಿ, ಒಂದು ಸಣ್ಣ ವಿವರಣೆ. ಕೊಲ್ಲಿಯ ಈ ದೇಶದಲ್ಲಿ ವಾರವಿಡೀ ನಾವು ಬರಿಯ ಉದ್ಯೋಗಿಗಳು. ಕಚೇರಿಯಲ್ಲಿ ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸುವವರೂ ವಿರಳ. ಶುಕ್ರವಾರ ಬಂತೆಂದರೆ ನಾವೆಲ್ಲ ಗಣ್ಯರು. ಜಾಹೀರಾತು ಕೊಟ್ಟವರು ಗಣ್ಯರು, ಊಟ ಕೊಟ್ಟವರು ಗಣ್ಯರು, ಊಟ ಕೊಟ್ಟವರನ್ನು ಪರಿಚಯಿಸಿದವರು ಇನ್ನೂ ದೊಡ್ಡ ಗಣ್ಯರು. ಗಣ್ಯರೆಂದ ಮೇಲೆ ಶಾಲು ಬೇಕು, ಮೈಸೂರು ಪೇಟ ಬೇಕು, ಹಾರ ಬೇಕು, ಫಲಕ ಬೇಕು, ಹಣ್ಣಿನ ಬುಟ್ಟಿ ಬೇಕು. (ಬುಟ್ಟಿ ಒಂದೇ ಇರುತ್ತದೆ. ಕೊಟ್ಟು, ಫೋಟೊ ತೆಗೆದು, ಪರದೆಯ ಹಿಂದಿನಿಂದ ವಾಪಸು ತಂದು, ಮುಂದಿನವರಿಗೆ ಕೊಡಲಾಗುತ್ತದೆ. ಆ ಬುಟ್ಟಿಯ ಸೇಬುಗಳಿಗೆ ಸಂದಷ್ಟು ಸನ್ಮಾನ ಅಬುಧಾಬಿಯಲ್ಲಿ ಇನ್ನಾರಿಗೂ ಸಂದಿಲ್ಲ.)

ತಪ್ಪು ತಿಳಿಯಬೇಡಿ. ಗೌರವಿಸುವುದನ್ನು ನಾನು ವಿರೋಧಿಸುತ್ತಿಲ್ಲ. ಗೌರವ ಎಂಬ ಹೆಸರಿನಲ್ಲಿ ಇನ್ನೊಬ್ಬನ ಸಮಯವನ್ನು ತಿನ್ನುವುದನ್ನು ವಿರೋಧಿಸುತ್ತಿದ್ದೇನೆ.

ಆದ್ದರಿಂದ ಹಮ್ದಾನ್ ಸ್ಟ್ರೀಟಿನಲ್ಲಿರುವ ಅಧ್ಯಕ್ಷರ ಫ್ಲ್ಯಾಟಿನಲ್ಲಿ ಕಮಿಟಿ ಸಭೆ ನಡೆದಾಗ ವಿಧ್ಯುಕ್ತವಾಗಿ ಒಂದು ನಿರ್ಣಯ ಮಂಡಿಸಿದೆ: 'ಗಾಯಕರ ಕಾರ್ಯಕ್ರಮದ ಮಧ್ಯದಲ್ಲಿ ಗಾಯಕರನ್ನಾಗಲಿ ಪ್ರಾಯೋಜಕರನ್ನಾಗಲಿ ಅತಿಥಿಗಳನ್ನಾಗಲಿ ಸನ್ಮಾನಿಸತಕ್ಕದ್ದಲ್ಲ.' ಪೂರ್ವಪಕ್ಷವನ್ನು ಮಂಡಿಸಿದೆ, ಖಂಡಿಸಿದೆ, ಉದಾಹರಣೆ ಕೊಟ್ಟೆ, ಉಪಸಂಹಾರ ಮಾಡಿದೆ. ಕಾಲೇಜಿನಲ್ಲಾಗಿದ್ದರೆ ಪರ್ಯಾಯ ಫಲಕ ನಮ್ಮದೇ.

ಅಧ್ಯಕ್ಷರಾದ ಶೆಟ್ರು ಕೊನೆಯ ಬೋಂಡಾ ಬಾಯಿಗೆ ಹಾಕಿಕೊಂಡು, "ಪಾಸ್, ಪಾಸ್. ಮೇಡಂ ಹೇಳಿದ ಮೇಲೆ ಮುಗೀತು" ಎಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. (ನಮ್ಮ ಸಂಘಗಳಲ್ಲಿ ಸರ್ವಾನುಮತ ಎಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಅರ್ಥ.) ಬಳಿಕ, ಮಹಿಳಾ ಪ್ರತಿನಿಧಿ ಎಂಬ ಕಾರಣಕ್ಕೆ, ಶಾಲುಗಳ ಹರಿವಾಣ ಹಿಡಿದು ನಿಲ್ಲುವ ಹೊಣೆಯನ್ನೂ ನನಗೇ ಒಪ್ಪಿಸಿದರು. ಮಹಿಳೆಗೆ ವೇದಿಕೆಯಲ್ಲಿ ಸ್ಥಾನವಿಲ್ಲ ಎಂದವರು ಯಾರು?

ಧ್ವನಿವರ್ಧಕದ ಉಸ್ತುವಾರಿ ಹೊತ್ತ ಹನೀಫಾಕ ಮಾತ್ರ ಲಿಫ್ಟಿನಲ್ಲಿ ಇಳಿಯುವಾಗ ಪಿಸುಗುಟ್ಟಿದರು: "ಮೇಡಂ, ನಿರ್ಣಯ ಪಾಸಾಗಿದೆ. ಆದರೆ ಶೆಟ್ರು ಆಗಲೇ ಶಾಲಿಗೆ ಆರ್ಡರ್ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದು ಗೆಲ್ತದೆ ಅಂತ ನೀವೇ ಹೇಳಿ."

ಹಾಗೆ ಆ ಶುಕ್ರವಾರ ಬಂತು.

ಶಾಲೆಯೊಂದರ ಸಭಾಂಗಣ. ಒಂಬತ್ತಕ್ಕೆ ಸರಿಯಾಗಿ ಖಾಲಿ ಮಾಡಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಡೆನ್ಜಿಲನ ಅಕ್ಕ ಐರಿನ್ ಎಲ್ಲರಿಗಿಂತ ಮೊದಲು ಬಂದಿದ್ದರು. ಸಹೋದ್ಯೋಗಿಯೊಬ್ಬರ ಕಾರಿನಲ್ಲಿ, ಮದೀನತ್ ಜಾಯೆದಿನಿಂದ ಮರಳುಗಾಡಿನ ದೀರ್ಘ ರಸ್ತೆಯನ್ನು ದಾಟಿ. ಮರುದಿನ ಮುಂಜಾನೆ ಅವರಿಬ್ಬರಿಗೂ ಡ್ಯೂಟಿ. ಆದ್ದರಿಂದ ಒಂಬತ್ತಕ್ಕೆ ಹೊರಡಲೇಬೇಕು. ಡೆನ್ಜಿಲನಿಗೂ ಬೆಳಿಗ್ಗೆಯೇ ವಿಮಾನ. ಅಕ್ಕ ಮೂರನೆಯ ಸಾಲಿನಲ್ಲಿ, ತೊಡೆಯ ಮೇಲೆ ಹ್ಯಾಂಡ್‌ಬ್ಯಾಗ್ ಇಟ್ಟುಕೊಂಡು, ಇಂಟರ್‌ವ್ಯೂಗೆ ಬಂದವರಂತೆ ನೆಟ್ಟಗೆ ಕುಳಿತಿದ್ದರು.

"ಇಷ್ಟು ಖುರ್ಚಿ ಇಟ್ಟಿದ್ದೀರಲ್ಲ ಮೇಡಂ. ತುಂಬ್ತದಾ?" ಎಂದು ನನ್ನನ್ನು ಕೇಳಿದರು.

"ತುಂಬುತ್ತದೆ" ಎಂದೆ.

"ಇವನಿಗೆ ಇಷ್ಟು ಜನ ಬರ್ತಾರಾ?" ಎಂದು ಮತ್ತೆ ಕೇಳಿದರು. ಆ ಪ್ರಶ್ನೆಯಲ್ಲಿ ಸಂಶಯವಿತ್ತು. ಸಂಶಯ ಸುಳ್ಳಾಗಲಿ ಎಂಬ ಆಸೆಯೂ ಇತ್ತು.

ಸಭಾಂಗಣ ತುಂಬಿತು. ಮುಖ್ಯ ಅತಿಥಿಗಳು ಟ್ರಾಫಿಕ್‌ನಲ್ಲಿ ಸಿಲುಕಿದ್ದರಿಂದ ದೀಪ ಹಚ್ಚಲು ತಡವಾಯಿತು. ದೀಪ ಹಚ್ಚಿದ ಮೇಲೆ ಸ್ವಾಗತ, ಪ್ರಾಸ್ತಾವಿಕ, ಪರಿಚಯ, ಪರಿಚಯಿಸಿದವರ ಪರಿಚಯ. ಅನಂತರ ಸನ್ಮಾನಗಳು. ಎಲ್ಲವೂ ಹಾಡಿಗೆ ಮುಂಚೆಯೇ. ನಿರ್ಣಯದ ಅಕ್ಷರಕ್ಕೆ ಎಲ್ಲಿಯೂ ಭಂಗ ಬರಲಿಲ್ಲ! ಹಾರ ಹಾಕಿದ ಕ್ಷಣ ಫೋಟೊಗ್ರಾಫರ್ "ಸರ್, ಒನ್ಸ್ ಮೋರ್" ಎನ್ನುತ್ತಿದ್ದ. ಹಾರ ತೆಗೆದು ಮತ್ತೆ ಹಾಕಲಾಗುತ್ತಿತ್ತು. ಸೇಬುಗಳು ಹೋಗುತ್ತಿದ್ದವು, ಬರುತ್ತಿದ್ದವು. ಗಿಟಾರ್ ಹಿಡಿದವನು ಪರದೆಯ ಬದಿಯಲ್ಲಿ ನಿಂತೇ ಇದ್ದ.

ಕೊನೆಗೂ ಡೆನ್ಜಿಲ್ ವೇದಿಕೆಗೆ ಬಂದಾಗ ನಾವು ಒಪ್ಪಿಕೊಂಡಿದ್ದ ಅವಧಿಯಲ್ಲಿ ಅರ್ಧಕ್ಕರ್ಧ ಕರಗಿತ್ತು. ಅವನು ಗೊಣಗಲಿಲ್ಲ. ಗಿಟಾರಿನ ತಂತಿ ಬಿಗಿ ಮಾಡಿಕೊಂಡು ಹಾಡತೊಡಗಿದ.

ಮೊದಲ ಹಾಡು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ಹೆಂಗಸರದ್ದು. ಎರಡನೆಯದು ರುವೈಸಿನ ಎಣ್ಣೆ ಕಂಪನಿಯ ಕ್ವಾರ್ಟರ್ಸಿನಲ್ಲಿ ಎ.ಸಿ.ಯ ಸದ್ದನ್ನು ಊರಿನ ಕಡಲೆಂದುಕೊಂಡು ನಿದ್ದೆ ಮಾಡುವ ಟೆಕ್ನಿಷಿಯನ್‌ನದ್ದು. ಅದರ ಕೊನೆಯಲ್ಲಿ ಮೌತ್ ಆರ್ಗನ್ ಮಾತ್ರ ಉಳಿಯಿತು. ನಿಜ ಹೇಳುತ್ತೇನೆ: ಆ ಸಭಾಂಗಣದಲ್ಲಿ ನಾನು ಅಂತಹ ಮೌನವನ್ನು ಹಿಂದೆಂದೂ ಕೇಳಿರಲಿಲ್ಲ. ಸದಾ ಫೋನ್ ತೀಡುವ ಕೈಗಳೂ ನಿಂತಿದ್ದವು. ನನ್ನ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅಪ್ಪನಿಗೆ, "ಡ್ಯಾಡಾ, ಈಸ್ ದಿಸ್ ಅವರ್ ಲ್ಯಾಂಗ್ವೇಜ್?" ಎಂದು ಕೇಳಿದಳು. ಕನ್ನಡ ಕಲಿಸಿ ಎಂದು ನಾನು ಮಾಡಿದ ಭಾಷಣಗಳೆಲ್ಲ ಸೇರಿ ಯಾವ ಮಗುವಿನಿಂದಲೂ ಆ ಪ್ರಶ್ನೆ ಹೊರಡಿಸಿರಲಿಲ್ಲ.

ಐರಿನ್ ಅಕ್ಕನ ಕಡೆ ನೋಡಿದೆ. ಅವರು ತಮ್ಮನನ್ನು ನೋಡುತ್ತಿರಲಿಲ್ಲ. ಕುತ್ತಿಗೆ ಹೊರಳಿಸಿ ಹಿಂದಿನ ಸಾಲುಗಳನ್ನು ನೋಡುತ್ತಿದ್ದರು. ಒಂದೊಂದೇ ಮುಖ. ಜನ ಕೇಳುತ್ತಿದ್ದಾರೆಯೇ ಎಂದು.

ಜನ ಕೇಳುತ್ತಿದ್ದರು.

ಮೂರನೆಯ ಹಾಡು ಮುಗಿಯಿತು. ಡೆನ್ಜಿಲ್ ನೀರು ಕುಡಿದು, ಮೈಕಿಗೆ ಹತ್ತಿರ ಬಂದು, "ಇನ್ನು ಹಾಡುವ ಹಾಡು ನಮ್ಮ ಅಕ್ಕನದ್ದು. ಅವಳು ಇಲ್ಲಿಯೇ ಕೂತಿದ್ದಾಳೆ" ಎಂದ. ಎಡಗೈಯ ಬೆರಳುಗಳು ತಂತಿಗಳ ಮೇಲೆ ಕುಳಿತಿದ್ದವು. ಬಲಗೈ ಎತ್ತಿದ್ದ.

ಆ ಬಲಗೈ ಕೆಳಗೆ ಬರಲೇ ಇಲ್ಲ.

ಕಾರ್ಯಕ್ರಮ ನಿರೂಪಕರು ಇನ್ನೊಂದು ಮೈಕ್ ಹಿಡಿದು ನುಗ್ಗಿದರು. "ಓಹೋಹೋ! ಗಾಯಕರ ಅಕ್ಕ ನಮ್ಮ ನಡುವೆಯೇ ಇದ್ದಾರೆ! ಎಂತಹ ಭಾಗ್ಯ! ಅವರನ್ನು ಗೌರವಿಸದೆ ಬಿಟ್ಟರೆ ನಮ್ಮ ಸಂಘಕ್ಕೆ ಶೋಭೆಯೇ? ದಯವಿಟ್ಟು ವೇದಿಕೆಗೆ ಬರಬೇಕು!" ಶೆಟ್ರು ಅದಾಗಲೇ ಮೆಟ್ಟಿಲು ಹತ್ತಿದ್ದರು. ಹತ್ತುತ್ತಲೇ ನನಗೆ ಕಣ್ಸನ್ನೆ: ಹರಿವಾಣ!

ನಾನು ಅಡ್ಡ ನಿಂತೆ. "ಶೆಟ್ರೇ, ಮೊದಲು ಹಾಡು ಮುಗಿಯಲಿ. ನಿರ್ಣಯ ನೆನಪಿದೆಯೇ?"

"ಎಂತ ಮಾರಾಯ್ರೆ ನೀವು! ಗಾಯಕರಿಗೆ ಮಾಡ್ಬಾರ್ದು, ಸ್ಪಾನ್ಸರಿಗೆ ಮಾಡ್ಬಾರ್ದು, ಗೆಸ್ಟಿಗೆ ಮಾಡ್ಬಾರ್ದು ಅಂತ ನಿಮ್ಮ ನಿರ್ಣಯ. ಗಾಯಕರ ಅಕ್ಕನಿಗೆ ಮಾಡ್ಬಾರ್ದು ಅಂತ ಎಲ್ಲಿ ಉಂಟು?"

ಎಷ್ಟೋ ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸಿದ್ದೇನೆ. ಇಷ್ಟು ಸಮರ್ಪಕವಾದ ಪ್ರತಿವಾದವನ್ನು ಎದುರಿಸಿದ್ದಿಲ್ಲ.

"ಅವರು ಒಂಬತ್ತಕ್ಕೆ ಹೊರಡಬೇಕು. ಹಾಡು ತಪ್ಪಿಹೋಗುತ್ತದೆ."

"ಎರಡೇ ನಿಮಿಷ ಮೇಡಂ."

ಎರಡೇ ನಿಮಿಷ! ನಮ್ಮ ಸಾರ್ವಜನಿಕ ಜೀವನದಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಇನ್ನೂ ಹುಟ್ಟಿಲ್ಲ. ಹರಿವಾಣವನ್ನು ನಾನು ಮೇಜಿನ ಮೇಲಿಟ್ಟೆ, ಹಿಡಿಯಲಿಲ್ಲ. ಏನಾಯಿತು? ಏನೂ ಆಗಲಿಲ್ಲ. ಖಜಾಂಚಿಯವರ ಪತ್ನಿ ಎತ್ತಿಕೊಂಡರು.

ಐರಿನ್ ಅಕ್ಕ ಕುಳಿತಲ್ಲಿಂದಲೇ ಎರಡೂ ಕೈ ಬೀಸಿ, "ಬೇಡ, ಬೇಡ, ನಂಗೆಂತಕ್ಕೆ" ಎನ್ನುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಬೇಡ ಎಂದಷ್ಟೂ ಚಪ್ಪಾಳೆ ಜೋರಾಯಿತು. ನಮ್ಮಲ್ಲಿ ಬೇಡ ಎನ್ನುವುದು ವಿನಯ. ಯಾರೂ ಅದನ್ನು ಉತ್ತರವೆಂದು ಪರಿಗಣಿಸುವುದಿಲ್ಲ. ಕೈ ಹಿಡಿದು ಎಬ್ಬಿಸಿದರು, ನಡೆಸಿದರು, ಹತ್ತಿಸಿದರು.

ಆಗ ಶೆಟ್ರಿಗೆ ತಿಳಿದದ್ದು: ಹರಿವಾಣದಲ್ಲಿ ಶಾಲು ಮುಗಿದಿದೆ. ಸಂಘದ ಮರ್ಯಾದೆಯ ಪ್ರಶ್ನೆ. ಶೆಟ್ರು ಕೆಳಗಿಳಿದು, ಮೊದಲ ಸಾಲಿನಲ್ಲಿ ಕುಳಿತಿದ್ದ ಪ್ರಾಯೋಜಕರೊಬ್ಬರ ಹೆಗಲಿನಿಂದ, ಅವರಿಗೆ ಹಾಡಿಗೆ ಮುಂಚೆ ಹೊದೆಸಿದ್ದ ಶಾಲನ್ನು ನಗುನಗುತ್ತಾ ವಾಪಸು ಪಡೆದು ತಂದರು. ಕೊಡುವುದಕ್ಕೆ ಆ ಮನುಷ್ಯನಿಗೆ ಮನಸ್ಸಿರಲಿಲ್ಲವೆಂದು ಅವರ ಹಿಡಿತವೇ ಹೇಳುತ್ತಿತ್ತು. ಪೇಟವೂ ಯಾರದೋ ತಲೆಯದು. ಐರಿನ್ ಅಕ್ಕನಿಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಸೇಬುಗಳು ಮತ್ತೊಮ್ಮೆ ಬಂದವು.

"ಮೇಡಂ, ಒನ್ಸ್ ಮೋರ್" ಎಂದ ಫೋಟೊಗ್ರಾಫರ್.

ಅನಂತರ ಭಾಷಣ. ಶೆಟ್ರು ದಾದಿಯರ ತ್ಯಾಗವನ್ನು ಕುರಿತು ಮಾತನಾಡಿದರು. ಬಿಳಿಯ ಉಡುಪಿನ ದೇವತೆಗಳು ಎಂದರು. (ಅಕ್ಕ ನೀಲಿ ಸಮವಸ್ತ್ರದವರು, ಇರಲಿ.) ಅಕ್ಕನ ಪ್ರೀತಿಗೆ ಬೆಲೆ ಕಟ್ಟಲಾಗದು ಎಂದರು. ಅದೇ ಮಾತನ್ನು, ಇನ್ನಷ್ಟು ಚೆನ್ನಾಗಿ, ಹೇಳಲು ಬಂದವನು ಅವರ ಬೆನ್ನ ಹಿಂದೆ ಗಿಟಾರ್ ಹಿಡಿದು ನಿಂತಿದ್ದ. ಬಳಿಕ ಮುಖ್ಯ ಅತಿಥಿಗಳಿಗೂ ಎರಡು ಮಾತಾಡಲು ವಿನಂತಿ. ಅವರು ಸ್ತ್ರೀಶಕ್ತಿಯಿಂದ ಆರಂಭಿಸಿ, ತಾವು ಬರಿಗೈಯಲ್ಲಿ ದುಬೈಗೆ ಬಂದಿಳಿದ ದಿನಕ್ಕೆ ಹೊರಳಿ, ಅಲ್ಲಿಯೇ ತಂಗಿದರು.

ಹಿಂಬಾಗಿಲಲ್ಲಿ ಸಭಾಂಗಣದ ಮೇಲ್ವಿಚಾರಕ ಕೈಗಡಿಯಾರ ತೋರಿಸುತ್ತಿದ್ದ. ಮುಂಬಾಗಿಲಲ್ಲಿ ಅಕ್ಕನ ಸಹೋದ್ಯೋಗಿ ಕಾರಿನ ಕೀಲಿ ತೋರಿಸುತ್ತಿದ್ದರು.

ಕೊನೆಗೆ ಅಕ್ಕನ ಕೈಗೂ ಮೈಕ್ ಬಂತು. ಪೇಟವನ್ನು ಹಿಂದಕ್ಕೆ ತಳ್ಳಿಕೊಂಡು ಅವರು ಹೇಳಿದ್ದು ಇಷ್ಟೇ: "ನಂಗೆ ಮಾತಾಡ್ಲಿಕ್ಕೆ ಬರೂದಿಲ್ಲ. ಅವನು ಹಾಡ್ಲಿ."

ಆ ಸಂಜೆಯ ಏಕೈಕ ಸಾರ್ಥಕ ಭಾಷಣ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮತ್ತು ನಿರೂಪಕರು, ಆ ಮಾತಿನಲ್ಲಿ ಅಡಗಿದ ಸರಳತೆಯನ್ನೂ ನಿಗರ್ವವನ್ನೂ ಸವಿಸ್ತಾರವಾಗಿ ಕೊಂಡಾಡಿದರು. ಕೊಂಡಾಡುತ್ತಿರುವಾಗಲೇ ಹಿಂದಿನ ದೀಪಗಳು ಆರಿದವು. ಮೈಕ್ ಸತ್ತಿತು.

"ಯಲ್ಲಾ, ಖಲಾಸ್" ಎಂದ ಮೇಲ್ವಿಚಾರಕ.

ಹೊರಗೆ ಪಾರ್ಕಿಂಗಿನಲ್ಲಿ ಹನೀಫಾಕ ಕೊನೆಯ ಪ್ರಯತ್ನ ಮಾಡಿದರು. "ಡೆನ್ಜಿಲ್, ಮೈಕ್ ಎಂತಕ್ಕೆ? ಇಲ್ಲಿಯೇ ಹಾಡು ಮಾರಾಯ, ಅಕ್ಕ ಕೇಳಿಯೇ ಹೋಗ್ಲಿ." ಅವನು ಗಿಟಾರ್ ಪೆಟ್ಟಿಗೆಯ ಕೊಂಡಿ ಬಿಚ್ಚಿದ್ದ ಕೂಡ. ಆದರೆ ಅಷ್ಟರಲ್ಲಿ ಇಬ್ಬರನ್ನೂ ಜನ ಮುತ್ತಿಕೊಂಡಿದ್ದರು. ಸೆಲ್ಫಿ! ಅಕ್ಕ-ತಮ್ಮನ ನಡುವೆ ಒಂದು ಕುಟುಂಬ, ಆಮೇಲೆ ಇನ್ನೊಂದು. ಸಹೋದ್ಯೋಗಿ ಹಾರ್ನ್ ಹೊಡೆದರು. ಕಾರು ಹೊರಟಿತು. ಕಿಟಕಿಯಿಂದ ಐರಿನ್ ಅಕ್ಕನ ತಲೆ ಹೊರಬಂತು.

"ಊಟ ಮಾಡು!" ಎಂದು ಕೂಗಿದರು.

ಮರುದಿನ ಪತ್ರಿಕೆಗಳಿಗೆ ವರದಿ ಹೋಯಿತು. 'ಅಭೂತಪೂರ್ವ ಯಶಸ್ಸು' ಎಂದಿತ್ತು. ಜೊತೆಯ ಚಿತ್ರದಲ್ಲಿ ಗಣ್ಯರ ಸಾಲು. ಬಲತುದಿಯಲ್ಲಿ ಗಿಟಾರಿನ ಕುತ್ತಿಗೆ ಮಾತ್ರ ಕಾಣುತ್ತದೆ. ಗಾಯಕ ಚಿತ್ರದಿಂದ ಹೊರಗೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಕಲೆಯನ್ನು ನಮ್ಮಷ್ಟು ಪ್ರೀತಿಸುವವರು ಬೇರಾರೂ ಇಲ್ಲವೆಂದು ಶೆಟ್ರು ಬರೆದರು. ಅವರು ಕೆಟ್ಟವರಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು, ಶವವನ್ನು ಊರಿಗೆ ಕಳಿಸುವವರೆಗೆ ನಿಲ್ಲುವ ಮನುಷ್ಯ. ಗೌರವ ತೋರಿಸಲು ಬೇರೆ ದಾರಿಯೂ ಇದೆ ಎಂದು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ. ಸುಮ್ಮನೆ ಕೇಳುವುದು ಕೂಡ ಗೌರವವೆಂದು ನಾವು ಯಾವ ಸಭೆಯಲ್ಲಿ ಕಲಿತಿದ್ದೇವೆ?

ಎರಡು ದಿನ ಬಿಟ್ಟು ಐರಿನ್ ಅಕ್ಕನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕೆಂದಿದ್ದೆ. ಅವರು ಬಿಡಲಿಲ್ಲ.

"ಛೇ, ಹಾಗೆಲ್ಲ ಹೇಳ್ಬೇಡಿ ಮೇಡಂ. ಎಷ್ಟು ಜನ! ನಾನು ನೋಡಿದೆನಲ್ಲ, ಸುಮ್ಮನೆ ಕೂತಿದ್ರು, ಅವನು ಹಾಡುವಾಗ." ಆಸ್ಪತ್ರೆಯ ಕಾರಿಡಾರಿನಲ್ಲಿ ಯಾವುದೋ ಟ್ರಾಲಿ ಉರುಳುವ ಸದ್ದು. ಆಮೇಲೆ ಧ್ವನಿ ತಗ್ಗಿಸಿ ಕೇಳಿದರು: "ಮೇಡಂ, ನಿಮ್ಗೆ ಗೊತ್ತುಂಟಾ... ನನ್ನ ಮೇಲೆ ಮಾಡಿದ ಆ ಹಾಡು ಕೊಂಕಣಿಯಲ್ಲಿಯಾ, ಕನ್ನಡದಲ್ಲಿಯಾ?"

ನನಗೆ ಗೊತ್ತಿರಲಿಲ್ಲ. ಇಡೀ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ತನ್ನ ಮೇಲೆ ಒಂದು ಹಾಡಿದೆ ಎಂಬುದು ಆ ಹೆಣ್ಣುಮಗಳಿಗೆ ತಿಳಿದಿದೆ. ಅದು ಯಾವ ಭಾಷೆಯಲ್ಲಿದೆ ಎಂಬುದೂ ತಿಳಿಯದಷ್ಟು ಶ್ರದ್ಧೆಯಿಂದ ನಾವು ಅವರನ್ನು ಗೌರವಿಸಿ ಕಳಿಸಿದ್ದೇವೆ.

ಡೆನ್ಜಿಲನನ್ನು ಕೇಳಿದೆ. ಅವನು ಹೇಳಲೊಪ್ಪಲಿಲ್ಲ. "ಅಕ್ಕ ಕೇಳಿದ ಮೇಲೆ ಎಲ್ಲರಿಗೂ ಗೊತ್ತಾಗ್ತದೆ ಮೇಡಂ." ಮುಂದಿನ ತಿಂಗಳು ದುಬೈಯ ಇನ್ನೊಂದು ಸಂಘ ಅವನನ್ನು ಕರೆಸುತ್ತಿದೆ. ಐರಿನ್ ಅಕ್ಕ ಮತ್ತೆ ಡ್ಯೂಟಿ ಬದಲಿಸಿಕೊಳ್ಳಲು ಓಡಾಡುತ್ತಿದ್ದಾರೆ. ಈ ಸಲ ಹಾದಿ ಇನ್ನೂ ದೂರ.

ಆ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ನನಗೂ ಬಂದಿದೆ. ಗಾಯಕನ ಹೆಸರು ಕೆಳಗಡೆ, ಚಿಕ್ಕ ಅಕ್ಷರಗಳಲ್ಲಿ. ಅದರ ಮೇಲೆ, ಚಿತ್ರಸಹಿತವಾಗಿ, ಸನ್ಮಾನಿತರು. ಕೆಲವರು ನನಗೆ ಪರಿಚಿತರು. ಪ್ರತಿ ವಾರ ಈ ಅಂಕಣ ಓದಿ 'ಚೆನ್ನಾಗಿ ಬರೆದಿದ್ದೀರಿ ಮೇಡಂ' ಎಂದು ಮೆಸೇಜ್ ಕಳಿಸುವವರು. ಅವರಿಗೇ ಹೇಳುತ್ತಿದ್ದೇನೆ: ನೀವು ಸಜ್ಜನರು, ಸಾಧಕರು, ಗೌರವಕ್ಕೆ ಎಲ್ಲ ರೀತಿಯಿಂದಲೂ ಅರ್ಹರು. ಅದರ ಬಗ್ಗೆ ನನ್ನಲ್ಲಿ ವಾದವಿಲ್ಲ.

ಈ ವಾರ ನನಗೆ ಮೆಸೇಜ್ ಬೇಡ. ದಯವಿಟ್ಟು ಆ ಸಂಘಕ್ಕೆ ಒಂದು ಫೋನ್ ಮಾಡಿ, 'ನನಗೆ ಸನ್ಮಾನ ಬೇಡ, ಆ ಹೊತ್ತನ್ನು ಹಾಡಿಗೆ ಕೊಡಿ' ಎಂದು ಹೇಳಿ.